ಓದುಗರ ಪ್ರಶ್ನೆ, ನಮ್ಮ ಉತ್ತರ: ಮೀನು ಹಿಡಿಯುವ ಬಸವನಹುಳು

ಕಳೆದ ಸಂಚಿಕೆಯ ಕಡಲಚಿಪ್ಪುಗಳ ಪುಟದಲ್ಲಿ ಜಿಯೊಗ್ರಫಿ ಕೋನ್ ಎಂಬ ಬಸವನಹುಳುವಿನ ಚಿತ್ರವಿತ್ತು. ಅದರ ಕೆಳಗೆ ‘ಮನುಷ್ಯರನ್ನೂ ಕೊಲ್ಲಬಲ್ಲದು’ ಎಂದು ಒಂದೇ ಸಾಲು ಬರೆದಿದ್ದೆವು. ಆ ಸಾಲನ್ನು ಹಿಡಿದು ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬಸವನಹುಳು ತೆವಳುವುದೇ ಕಷ್ಟದಲ್ಲಿ. ಅದು ಈಜುವ ಮೀನನ್ನು ಹಿಡಿದು ತಿನ್ನುತ್ತದೆ ಎಂದರೆ ನಂಬುವುದು ಹೇಗೆ?

ಉತ್ತರ: ಅದು ಮೀನಿನ ಹಿಂದೆ ಓಡುವುದೇ ಇಲ್ಲ. ಕೋನ್ ಬಸವನಹುಳುಗಳ ಕುಲವಾದ ಕೋನಸ್‌ನಲ್ಲಿ 700ಕ್ಕೂ ಹೆಚ್ಚು ಪ್ರಭೇದಗಳಿವೆ. ಎಲ್ಲವೂ ಬೇಟೆಗಾರರೇ, ಎಲ್ಲಕ್ಕೂ ವಿಷವಿದೆ. ಹೆಚ್ಚಿನವು ಕಡಲ ಹುಳುಗಳನ್ನು ತಿನ್ನುತ್ತವೆ, ಕೆಲವು ಬೇರೆ ಬಸವನಹುಳುಗಳನ್ನು. ಮೀನು ತಿನ್ನುವವು ಸಣ್ಣ ಗುಂಪು. ಆ ಗುಂಪಿನಲ್ಲೂ ಬೇಟೆಯ ರೀತಿ ಎರಡು.

ಮೊದಲನೆಯದು ಗಾಳ ಹಾಕುವ ರೀತಿ. ಕೋನಸ್ ಸ್ಟ್ರಯಾಟಸ್, ಕೋನಸ್ ಮೇಗಸ್, ಕೋನಸ್ ಕ್ಯಾಟಸ್ ಮುಂತಾದವು ಮರಳಿನಲ್ಲಿ ಹೂತುಕೊಂಡು ಉಸಿರಿನ ನಳಿಗೆಯನ್ನಷ್ಟೇ ಮೇಲೆ ಇಟ್ಟಿರುತ್ತವೆ. ನೀರಿನಲ್ಲಿ ಬಂದ ಮೀನಿನ ವಾಸನೆ ಈ ನಳಿಗೆಯ ಮೂಲಕ ಒಳಗಿನ ಗ್ರಾಹಕ ಅಂಗಕ್ಕೆ ತಲುಪುತ್ತದೆ. ಆಗ ಬಾಯಿಯಿಂದ ತೆಳ್ಳನೆಯ ಸೊಂಡಿಲು ಹೊರಬರುತ್ತದೆ. ಸೊಂಡಿಲಿನ ತುದಿಯಲ್ಲಿ ಒಂದು ಹಲ್ಲು ಸಿದ್ಧವಾಗಿ ನಿಂತಿರುತ್ತದೆ. ಹಲ್ಲು ಎಂದರೆ ಕಡಿಯುವ ಹಲ್ಲಲ್ಲ. ಕೈಟಿನ್ ಎಂಬ ಗಟ್ಟಿ ವಸ್ತುವಿನ ತೆಳು ಹಾಳೆ ಸುರುಳಿ ಸುತ್ತಿಕೊಂಡು ಆದ ಟೊಳ್ಳು ಈಟಿ ಅದು: ಒಳಗೆ ಇಂಜೆಕ್ಷನ್ ಸೂಜಿಯಂತೆ ವಿಷ ಹರಿಯುವ ದಾರಿ, ತುದಿಯಲ್ಲಿ ಮುಳ್ಳುಕೊಕ್ಕೆ. ಸೊಂಡಿಲು ಮೀನಿನ ಚರ್ಮಕ್ಕೆ ತಗುಲಿದೊಡನೆ ಈಟಿ ಚಿಮ್ಮುತ್ತದೆ. ಕೋನಸ್ ಕ್ಯಾಟಸ್‌ನ ಈಟಿ ಚಿಮ್ಮಿ ಮೀನಿಗೆ ನಾಟಲು ಒಂದು ಮಿಲಿಸೆಕೆಂಡೂ ಬೇಕಿಲ್ಲ ಎಂಬುದು ಅತಿವೇಗದ ಕ್ಯಾಮೆರಾದಲ್ಲಿ ದಾಖಲಾಗಿದೆ. ಈಟಿಯ ಬುಡವನ್ನು ಸೊಂಡಿಲು ಬಿಗಿಯಾಗಿ ಕಚ್ಚಿ ಹಿಡಿದಿರುವುದರಿಂದ ಮೀನು ಕಿತ್ತುಕೊಂಡು ಹೋಗಲಾರದು. ಹೋಗುವುದಕ್ಕೆ ಅದಕ್ಕೆ ಸಮಯವೂ ಇರುವುದಿಲ್ಲ. ಕೋನಸ್ ಪರ್ಪ್ಯುರಾಸೆನ್ಸ್ ಎಂಬ ಪ್ರಭೇದದಲ್ಲಿ ಇದನ್ನು ವಿವರವಾಗಿ ನೋಡಿದ್ದಾರೆ. ವಿಷದ ಒಂದು ಭಾಗ ನರಗಳ ಸೋಡಿಯಂ ನಾಲೆಗಳನ್ನು (ಜೀವಕೋಶದ ಗೋಡೆಯಲ್ಲಿ ಸೋಡಿಯಂ ದಾಟುವ ಪುಟ್ಟ ದ್ವಾರಗಳನ್ನು) ಮುಚ್ಚಲು ಬಿಡುವುದಿಲ್ಲ, ಇನ್ನೊಂದು ಪೊಟ್ಯಾಸಿಯಂ ನಾಲೆಗಳನ್ನು ತೆರೆಯಲು ಬಿಡುವುದಿಲ್ಲ. ಎರಡೂ ಸೇರಿ ಮೀನಿನ ಮೈಯ ಸ್ನಾಯುಗಳೆಲ್ಲ ಕ್ಷಣದಲ್ಲಿ ಸೆಟೆದು ನಿಲ್ಲುತ್ತವೆ. ಆಮೇಲೆ ನಿಧಾನವಾಗಿ ಬರುವ ಇನ್ನೊಂದು ಪಡೆ, ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ತಡೆದು ಶಾಶ್ವತವಾಗಿ ಸುಮ್ಮನಾಗಿಸುತ್ತದೆ.

ಎರಡನೆಯದು ಬಲೆ ಬೀಸುವ ರೀತಿ. ನಾವು ಚಿತ್ರ ಹಾಕಿದ್ದ ಜಿಯೊಗ್ರಫಿ ಕೋನ್, ಅಂದರೆ ಕೋನಸ್ ಜಿಯೊಗ್ರಾಫಸ್, ಮತ್ತು ಅದರ ಹತ್ತಿರದ ಬಂಧು ಕೋನಸ್ ಟುಲಿಪಾ ಹೀಗೆ ಬೇಟೆಯಾಡುತ್ತವೆ. ರಾತ್ರಿ ಹವಳದ ಸಂದುಗಳಲ್ಲಿ ಸಣ್ಣ ಮೀನುಗಳು ಗುಂಪಾಗಿ ತಂಗಿರುತ್ತವೆ. ಬಸವನಹುಳು ಅಲ್ಲಿಗೆ ತೆವಳಿ ಬಂದು ತನ್ನ ಬಾಯಿಯ ಹೊರ ತೊಗಲನ್ನು ಚಿಪ್ಪಿನ ಬಾಯಿಗಿಂತ ಎಷ್ಟೋ ಅಗಲಕ್ಕೆ ಬಿಚ್ಚಿ ಮುಂದೆ ಚಾಚುತ್ತದೆ. ಮೀನುಗಳು ಗಾಬರಿಗೊಂಡು ಚದುರಬೇಕಿತ್ತು, ಆದರೆ ಮಂಕು ಬಡಿದಂತೆ ಇದ್ದಲ್ಲೇ ಇರುತ್ತವೆ. ಒಂದೇ ಸಲ ಹಲವು ಮೀನುಗಳು ಆ ತೊಗಲಿನ ಚೀಲದೊಳಗೆ ಸೇರುತ್ತವೆ, ಈಟಿ ನಾಟುವುದು ಅದಾದ ಮೇಲೆ. ಕೆಲವು ಗಂಟೆ ಕಳೆದು ಮುಳ್ಳು, ಹುರುಪೆ, ಬಳಸಿದ ಈಟಿ ಎಲ್ಲವನ್ನೂ ಹೊರಗೆ ಉಗುಳುತ್ತದೆ. ಚಿಪ್ಪಿನ ಬಾಯಿ ಬೇರೆ ಕೋನ್‌ಗಳಿಗಿಂತ ಅಗಲ, ಚಿಪ್ಪು ತೆಳು ಮತ್ತು ಹಗುರ. ಇಡೀ ಮೀನು ನುಂಗುವ ಪ್ರಾಣಿಗೆ ಕಿರಿದಾದ ಬಾಯಿ ಆಗಿಬರುವುದಿಲ್ಲ.

ಪ್ರಶ್ನೆ: ಮೀನುಗಳಿಗೆ ಮಂಕು ಬಡಿಯುವುದು ಬಸವನಹುಳು ನೀರಿಗೆ ಬಿಡುವ ಇನ್ಸುಲಿನ್‌ನಿಂದ ಎಂದು ಕೇಳಿದ್ದೆ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ನೇ ಇದು? ಔಷಧವಾಗಿ ಬರುತ್ತದೆಯೇ?

ಉತ್ತರ: ನೀವು ಕೇಳಿದ್ದು ಸರಿ. 2015ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ತಂಡ ಇದನ್ನು ಪ್ರಕಟಿಸಿತು. ಪ್ರತಿ ಪ್ರಾಣಿಗೂ ತನ್ನ ದೇಹದ ಕೆಲಸಕ್ಕೆ ತನ್ನದೇ ಇನ್ಸುಲಿನ್ ಇರುತ್ತದೆ, ಬಸವನಹುಳುವಿಗೂ ಇದೆ. ಆದರೆ ಜಿಯೊಗ್ರಫಿ ಕೋನ್‌ನ ವಿಷನಾಳದಲ್ಲಿ ಸಿಕ್ಕಿದ್ದು ಅದಲ್ಲ, ಮೀನಿನ ಇನ್ಸುಲಿನ್ ಅನ್ನು ಹೋಲುವ ಬೇರೆಯೇ ಒಂದು. ಬೇಟೆಗೆಂದೇ ತಯಾರಾದ ಅಸ್ತ್ರ. ಪ್ರಯೋಗದಲ್ಲಿ ಇದನ್ನು ನೀರಿಗೆ ಬೆರೆಸಿದಾಗ ಮೀನುಗಳ ಈಜು ಕುಗ್ಗಿತು, ಚುಚ್ಚಿದಾಗ ರಕ್ತದ ಸಕ್ಕರೆ ಇಳಿಯಿತು. ಸಕ್ಕರೆ ಕುಸಿದ ಮೀನಿಗೆ ತಪ್ಪಿಸಿಕೊಳ್ಳಲು ತ್ರಾಣವಿಲ್ಲ.

ಔಷಧದ ಮಾತಿಗೆ ಬಂದರೆ, ಮನುಷ್ಯರ ಇನ್ಸುಲಿನ್‌ನಲ್ಲಿ 51 ಅಮೈನೋ ಆಮ್ಲಗಳಿವೆ (ಪ್ರೋಟೀನು ಕಟ್ಟುವ ಬಿಡಿ ಘಟಕಗಳು), ಈ ಬಸವನಹುಳುವಿನದರಲ್ಲಿ 43. ಬಿಟ್ಟುಹೋದ ತುಂಡೇ ಮುಖ್ಯ. ನಮ್ಮ ಇನ್ಸುಲಿನ್ ಶೇಖರಣೆಯಲ್ಲಿದ್ದಾಗ ಆರಾರು ಅಣುಗಳು ಸತುವಿನ ಸುತ್ತ ಗಂಟಾಗಿ ಕೂತಿರುತ್ತವೆ. ಚುಚ್ಚಿದ ಮೇಲೆ ಆ ಗಂಟು ಬಿಡಿಸಿಕೊಂಡು ಒಂಟಿ ಅಣುಗಳಾದಾಗಲೇ ಕೆಲಸ ಶುರು. ತಡವಾಗುವುದು ಅಲ್ಲಿಯೇ. ಅಣುಗಳನ್ನು ಒಂದಕ್ಕೊಂದು ಅಂಟಿಸುವ ಆ ತುಂಡು ಬಸವನಹುಳುವಿನ ಇನ್ಸುಲಿನ್‌ಗೆ ಇಲ್ಲವೇ ಇಲ್ಲ. ಹಾಗಾಗಿ ಅದು ಮೊದಲಿಂದಲೂ ಒಂಟಿ, ತಕ್ಷಣ ಕೆಲಸ ಮಾಡುತ್ತದೆ. ನಮ್ಮ ಇನ್ಸುಲಿನ್‌ನಿಂದ ಅದೇ ತುಂಡನ್ನು ಸುಮ್ಮನೆ ಕತ್ತರಿಸಿದರೆ ಶಕ್ತಿಯೇ ಹೋಗುತ್ತದೆ, ಏಕೆಂದರೆ ನಮ್ಮ ಜೀವಕೋಶದ ಗ್ರಾಹಕದ ಮೇಲೆ, ಅಂದರೆ ಸಂದೇಶ ಹಿಡಿಯುವ ಅಣುವಿನ ಮೇಲೆ, ಕೂರಲು ಆ ತುಂಡು ಬೇಕು. ಬಸವನಹುಳು ಬೇರೆ ಜಾಗದ ಕೆಲವು ಅಮೈನೋ ಆಮ್ಲಗಳನ್ನು ಬದಲಿಸಿ ಆ ಕೊರತೆ ತುಂಬಿಕೊಂಡಿದೆ. ಅದೇ ಉಪಾಯವನ್ನು ಮಾನವ ಇನ್ಸುಲಿನ್‌ಗೆ ಅಳವಡಿಸಿ 2020ರಲ್ಲಿ ಒಂದು ‘ಮಿನಿ’ ಇನ್ಸುಲಿನ್ ತಯಾರಿಸಿ ಇಲಿಗಳಲ್ಲಿ ಪರೀಕ್ಷಿಸಿದ್ದಾರೆ. ಇದು ಪ್ರಯೋಗಾಲಯದ ಮಾತು. ಇದನ್ನು ಓದಿ ಯಾರೂ ಈಗ ತೆಗೆದುಕೊಳ್ಳುತ್ತಿರುವ ಇನ್ಸುಲಿನ್ ಬಗ್ಗೆ ಬೇರೆ ಯೋಚನೆ ಮಾಡಬೇಕಿಲ್ಲ.

ಪ್ರಶ್ನೆ: ಇದನ್ನು ‘ಸಿಗರೇಟು ಬಸವನಹುಳು’ ಎನ್ನುತ್ತಾರಂತೆ. ಕುಟುಕಿದರೆ ಒಂದು ಸಿಗರೇಟು ಸೇದಿ ಮುಗಿಸುವಷ್ಟೇ ಹೊತ್ತು ಬದುಕು ಎಂದು. ನಿಜವೇ?

ಉತ್ತರ: ನಿಜವಲ್ಲ. ಈ ಮಾತು ಹರಡಿದ್ದರಿಂದ ಅಪಾಯವೇ ಹೆಚ್ಚು ಎನ್ನುವುದು ನಮ್ಮ ಅಭಿಪ್ರಾಯ. ‘ಇನ್ನೇನೂ ಮಾಡುವಂತಿಲ್ಲ’ ಎಂದು ಕೈಚೆಲ್ಲುವವರೂ, ‘ಅರ್ಧ ಗಂಟೆ ಕಳೆಯಿತು, ಇನ್ನು ಭಯವಿಲ್ಲ’ ಎಂದು ಮನೆಗೆ ಹೋಗುವವರೂ ಇದೇ ಮಾತನ್ನು ನಂಬಿದವರು.

ಚೆನ್ನಾಗಿ ದಾಖಲಾದ ಒಂದು ಪ್ರಕರಣ ನೋಡಿ. 1935ರಲ್ಲಿ ಆಸ್ಟ್ರೇಲಿಯಾದ ಹೇಮನ್ ದ್ವೀಪದಲ್ಲಿ 27 ವರ್ಷದ ಯುವಕನೊಬ್ಬ ಜಿಯೊಗ್ರಫಿ ಕೋನ್ ಒಂದನ್ನು ಅಂಗೈಯಲ್ಲಿ ಹಿಡಿದು ಚಾಕುವಿನಿಂದ ಅದರ ಹೊರಪೊರೆಯನ್ನು ಕೆರೆಯುತ್ತಿದ್ದ. ಅಂಗೈಗೆ ಕುಟುಕಿತು. ನೋವು ಅನ್ನುವಂಥದ್ದು ಇರಲಿಲ್ಲ, ಸ್ವಲ್ಪ ಜೋಮು ಅಷ್ಟೇ. ಹತ್ತು ನಿಮಿಷಕ್ಕೆ ತುಟಿಗಳು ಬಿಗಿದವು. ಇಪ್ಪತ್ತು ನಿಮಿಷಕ್ಕೆ ಕಣ್ಣು ಮಂಜಾಯಿತು, ಮೂವತ್ತಕ್ಕೆ ಕಾಲು ಸೋತಿತು, ಒಂದು ಗಂಟೆಯ ಹೊತ್ತಿಗೆ ಪ್ರಜ್ಞೆ ಹೋಯಿತು. ಸಾವು ಬಂದದ್ದು ಸುಮಾರು ಐದು ಗಂಟೆಯ ಮೇಲೆ.

ಇಲ್ಲಿ ಗಮನಿಸಬೇಕಾದದ್ದು ಆ ನೋವಿಲ್ಲದ ಶುರು. ಹುಳು ತಿನ್ನುವ ಕೋನ್‌ಗಳ ಕುಟುಕು ಜೇನು ಕಡಿದಂತೆ ಉರಿದು, ಊದಿ, ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಎಲ್ಲಕ್ಕಿಂತ ಅಪಾಯದ ಜಿಯೊಗ್ರಫಿ ಕೋನ್ ಕುಟುಕಿದಾಗಲೇ ಎಷ್ಟೋ ಸಲ ನೋವು ಕಡಿಮೆ. ಅಂದರೆ ನೋವನ್ನು ನೋಡಿ ವಿಷವನ್ನು ಅಳೆಯಲಾಗದು. ಇದುವರೆಗೆ ದಾಖಲಾದ ಸಾವುಗಳು ಮೂವತ್ತಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲಿಗೆ ಕಾರಣ ಈ ಒಂದೇ ಪ್ರಭೇದ.

ಕೊಲ್ಲುವ ರೀತಿ ಸರಳ. ಕೋನ್ ವಿಷದ ಅಂಶಗಳಿಗೆ ಕೋನೋಟಾಕ್ಸಿನ್ ಎಂದು ಹೆಸರು. ಆಲ್ಫಾ ಕೋನೋಟಾಕ್ಸಿನ್‌ಗಳು ನರ ಮತ್ತು ಸ್ನಾಯು ಕೂಡುವ ಜಾಗದ ಗ್ರಾಹಕಗಳನ್ನು ಮುಚ್ಚುತ್ತವೆ, ಮ್ಯೂ ಕೋನೋಟಾಕ್ಸಿನ್‌ಗಳು ಸ್ನಾಯುವಿನ ಸೋಡಿಯಂ ನಾಲೆಗಳನ್ನು. ರೆಪ್ಪೆ, ನಾಲಿಗೆ, ಗಂಟಲು, ಕೈಕಾಲು ಸೋಲುತ್ತಾ ಬಂದು ಕೊನೆಗೆ ಉಸಿರಾಡಿಸುವ ಸ್ನಾಯುವಾದ ವಪೆ ನಿಲ್ಲುತ್ತದೆ, ಉಸಿರು ಕಟ್ಟುತ್ತದೆ. ಹೃದಯ ಆಗಲೂ ಬಡಿಯುತ್ತಿರುತ್ತದೆ. ಉಸಿರನ್ನು ಹೊರಗಿನಿಂದ ಕೊಡುತ್ತಾ ಹೋದರೆ ವಿಷ ತಾನಾಗಿ ಕಳೆಯುತ್ತದೆ, ಸ್ನಾಯುಗಳು ಮತ್ತೆ ಎಚ್ಚರಗೊಳ್ಳುತ್ತವೆ. ಚಿಕಿತ್ಸೆ ಎಂದರೆ ಮುಖ್ಯವಾಗಿ ಇಷ್ಟೇ.

ಪ್ರಶ್ನೆ: ಕುಟುಕಿದರೆ ಏನು ಮಾಡಬೇಕು? ದಯವಿಟ್ಟು ಕ್ರಮವಾಗಿ ಬರೆಯಿರಿ.

ಉತ್ತರ: ಮೊದಲು ನೀರಿನಿಂದ ಹೊರಗೆ. ಜೊತೆಗಿದ್ದವರು ಹಿಡಿದು ತರಲಿ. ಕುಟುಕಿಸಿಕೊಂಡವರು ತಾವೇ ಈಜಿ ಬರುವುದು ಬೇಡ. ಸ್ನಾಯು ಸೋತರೆ ಮುಳುಗುವ ಭಯ ಒಂದು, ಓಡಾಟದಿಂದ ವಿಷ ಬೇಗ ಏರುವುದು ಇನ್ನೊಂದು. ಮಲಗಿಸಿ, ಗಂಟೆ ಎಷ್ಟಾಯಿತು ಎಂದು ಬರೆದಿಟ್ಟುಕೊಳ್ಳಿ, ಇನ್ನೊಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಲಿ. ‘ಉಸಿರು ನಿಲ್ಲಬಹುದು, ವೆಂಟಿಲೇಟರ್ ಇರುವ ಆಸ್ಪತ್ರೆ ಬೇಕು’ ಎಂದು ಆಗಲೇ ಹೇಳಬೇಕು.

ಕೈಗೋ ಕಾಲಿಗೋ ಕುಟುಕಿದ್ದರೆ ಒತ್ತುಪಟ್ಟಿ ಕಟ್ಟಿ. 10ರಿಂದ 15 ಸೆಂಟಿಮೀಟರ್ ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಒಳ್ಳೆಯದು. ಅದಿಲ್ಲದಿದ್ದರೆ ಉದ್ದಕ್ಕೆ ಹರಿದ ಬಟ್ಟೆ. ಉಂಗುರ, ಬಳೆ, ಗಡಿಯಾರ ತೆಗೆಯಿರಿ. ಮೊದಲ ಸುತ್ತು ಗಾಯದ ಮೇಲೆಯೇ ಬರಲಿ. ಆಮೇಲೆ ಬೆರಳುಗಳ ಬುಡದಿಂದ ಶುರುಮಾಡಿ ಮೇಲೆ ಮೇಲೆ, ಪೂರ್ತಿ ಕೈ ಅಥವಾ ಕಾಲಿನವರೆಗೆ. ಕಾಲು ಉಳುಕಿದಾಗ ಕಟ್ಟುವಷ್ಟು ಬಿಗಿ ಸಾಕು: ಪಟ್ಟಿಯ ಅಡಿಗೆ ಬೆರಳು ಸಲೀಸಾಗಿ ಹೋಗಬಾರದು, ಆದರೆ ರಕ್ತ ಓಡುತ್ತಿರಬೇಕು. ಪರೀಕ್ಷಿಸಲು ಬೆರಳ ತುದಿಗಳನ್ನು ಹೊರಗೆ ಬಿಟ್ಟಿರಿ. ಉಗುರು ಒತ್ತಿ ಬಿಟ್ಟಾಗ ಬಿಳಿಚಿದ ಬಣ್ಣ ಎರಡು ಮೂರು ಸೆಕೆಂಡಿನಲ್ಲಿ ಕೆಂಪಗಾಗಬೇಕು. ನೀಲಿ ತಿರುಗಿದರೆ ತುಸು ಸಡಿಲಿಸಿ. ಅನಂತರ ಒಂದು ಕೋಲನ್ನೋ ಮಡಿಸಿದ ರಟ್ಟನ್ನೋ ದಬ್ಬೆಯಾಗಿ ಇಟ್ಟು ಕಟ್ಟಿ, ಅಂಗ ಅಲುಗದಂತೆ ಮಾಡಿ. ಪಟ್ಟಿ ಮತ್ತು ದಬ್ಬೆ ಎರಡೂ ಸೇರಿದರೇ ಫಲ. ಪಟ್ಟಿ ಕಟ್ಟಿ ನಡೆದಾಡಿಸಿದರೆ ಕಟ್ಟಿದ್ದು ವ್ಯರ್ಥ.

ತಪ್ಪುಗಳು ಆಗುವುದು ಎರಡು ಕಡೆ. ಒಂದು, ಹಗ್ಗವನ್ನೋ ಬೆಲ್ಟನ್ನೋ ಮೇಲುಗಡೆ ಬಿಗಿದು ರಕ್ತವನ್ನೇ ನಿಲ್ಲಿಸುವುದು. ಇದರಿಂದ ಅಂಗಕ್ಕೆ ಹಾನಿ. ಇನ್ನೊಂದು, ‘ಈಗ ಚೆನ್ನಾಗಿದ್ದಾರಲ್ಲ’ ಎಂದು ದಾರಿಯಲ್ಲಿ ಪಟ್ಟಿ ಬಿಚ್ಚುವುದು. ತಡೆದಿದ್ದ ವಿಷ ಒಮ್ಮೆಲೇ ಏರಬಹುದು. ಬಿಚ್ಚುವುದು ಆಸ್ಪತ್ರೆಯಲ್ಲಿ, ಉಸಿರಾಟದ ಯಂತ್ರ ಪಕ್ಕದಲ್ಲಿ ಸಿದ್ಧವಿದ್ದಾಗ. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಈಟಿಯ ಚೂರು ಕಾಣುತ್ತದೆಂದು ಸೂಜಿಯಿಂದ ಕೆದಕುವುದು ಯಾವುದೂ ಬೇಡ. ಕುಡಿಯಲು ತಿನ್ನಲು ಏನೂ ಕೊಡಬೇಡಿ, ಗಂಟಲು ಸೋತಿದ್ದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ.

ಎರಡು ಮೂರು ನಿಮಿಷಕ್ಕೊಮ್ಮೆ ಮಾತನಾಡಿಸುತ್ತಿರಿ. ರೆಪ್ಪೆ ಜೋತುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ಎಂಜಲು ನುಂಗಲಾಗದಿರುವುದು ಉಸಿರಿಗಿಂತ ಮೊದಲು ಬರುವ ಸೂಚನೆಗಳು. ಉಸಿರು ನಿಂತರೆ ಬಾಯಿಗೆ ಬಾಯಿ ಕೊಟ್ಟು ಊದಲು ಶುರು ಮಾಡಿ. ನಾಡಿ ನೋಡಲು ತರಬೇತಿ ಇದ್ದವರು, ನಾಡಿ ಇದ್ದರೆ, 6 ಸೆಕೆಂಡಿಗೊಂದು ಉಸಿರು ಕೊಡಲಿ. ನಾಡಿ ಇಲ್ಲದಿದ್ದರೆ ಅಥವಾ ನೋಡಲು ಬರದಿದ್ದರೆ ಎದೆಯನ್ನು 30 ಸಲ ಒತ್ತಿ 2 ಉಸಿರು, ಮತ್ತೆ 30, ಮತ್ತೆ 2. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ವೈದ್ಯರು ವಹಿಸಿಕೊಳ್ಳುವವರೆಗೆ ನಿಲ್ಲಿಸಬಾರದು. ಕಣ್ಣು ಮುಚ್ಚಿ ಅಲುಗದೆ ಬಿದ್ದವರು ಸತ್ತಂತೆ ಕಂಡರೂ ಒಳಗೆ ಎಚ್ಚರವಾಗಿರಬಹುದು, ಪಕ್ಕದಲ್ಲಿ ಆಡುವ ಮಾತು ಕೇಳಿಸುತ್ತಿರಬಹುದು. ‘ಮುಗಿದೇ ಹೋಯಿತು’ ಎಂದು ಅಳುವ ಬದಲು ಏನು ಮಾಡುತ್ತಿದ್ದೀರೆಂದು ಅವರಿಗೆ ಹೇಳಿ.

ಏನೂ ಲಕ್ಷಣ ಕಾಣದಿದ್ದರೂ ಆಸ್ಪತ್ರೆಗೆ ಹೋಗಿ ಹಲವು ಗಂಟೆ ನಿಗಾದಲ್ಲಿರಲೇಬೇಕು. ಗುರುತಿಗಾಗಿ ಚಿಪ್ಪಿನ ಫೋಟೋ ಸಾಕು. ಆ ಪ್ರಾಣಿಯನ್ನೇ ಜೇಬಿಗೆ ಹಾಕಿ ತಂದು ಎರಡನೆಯ ರೋಗಿ ಆಗಬೇಡಿ.

ಪ್ರಶ್ನೆ: ಪ್ರತಿವಿಷ ಏಕಿಲ್ಲ? ಹಾವಿಗೆ ಇದೆಯಲ್ಲ?

ಉತ್ತರ: ಹಾವಿನ ವಿಷದಲ್ಲಿ ದೊಡ್ಡ ಪ್ರೋಟೀನುಗಳು ಹೆಚ್ಚು. ಅವನ್ನು ಕುದುರೆಗೆ ಚುಚ್ಚಿದರೆ ಕುದುರೆಯ ದೇಹ ಗುರುತಿಸಿ ಪ್ರತಿಕಾಯ ತಯಾರಿಸುತ್ತದೆ. ಕೋನ್ ವಿಷದ ಅಂಶಗಳಲ್ಲಿ ಹೆಚ್ಚಿನವು 10ರಿಂದ 40 ಅಮೈನೋ ಆಮ್ಲಗಳ ಪುಟ್ಟ ಸರಪಳಿಗಳು, ಅಂದರೆ ಪೆಪ್ಟೈಡ್‌ಗಳು, ರೋಗನಿರೋಧಕ ವ್ಯವಸ್ಥೆ ಇಷ್ಟು ಸಣ್ಣದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದೊಂದು ಪ್ರಭೇದದಲ್ಲಿ ಇಂಥವು ನೂರಕ್ಕೂ ಹೆಚ್ಚು, ಪ್ರಭೇದದಿಂದ ಪ್ರಭೇದಕ್ಕೆ ಬೇರೆ ಬೇರೆ. ಕುಟುಕಿಸಿಕೊಳ್ಳುವವರೂ ಬಹಳ ಕಡಿಮೆ. ವೆಂಟಿಲೇಟರ್ ಕೆಲಸ ಮಾಡುತ್ತಿರುವಾಗ ಆ ದಾರಿಗೆ ಯಾರೂ ಹೆಚ್ಚು ಮನಸ್ಸು ಮಾಡಿಲ್ಲ.

ಪ್ರಶ್ನೆ: ಚಿಪ್ಪಿನ ಅಗಲವಾದ ಹಿಂಬದಿಯನ್ನು ಹಿಡಿದರೆ ಅಪಾಯವಿಲ್ಲ ಎಂದು ಮುಳುಗುಗಾರರೊಬ್ಬರು ಹೇಳಿದರು. ಸರಿಯೇ?

ಉತ್ತರ: ಸರಿಯಲ್ಲ. ಈಟಿ ಬರುವುದು ಕಿರಿದಾದ ಮುಂತುದಿಯ ಕಡೆಯಿಂದ ಎನ್ನುವುದು ನಿಜ, ಆದರೆ ಸೊಂಡಿಲು ಹಿಗ್ಗುವ ಅಂಗ. ಅದು ಬಾಗಿ ತಿರುಗಿ ಹಿಂಬದಿಯನ್ನೂ ಮುಟ್ಟುತ್ತದೆ. ಕೈಗವಸು, ಮುಳುಗುಡುಪು ತೂರಿಯೂ ಈಟಿ ನಾಟಬಲ್ಲದು. ಹೀಗಾಗಿ ಸುರಕ್ಷಿತ ಹಿಡಿತ ಎಂಬುದೇ ಇಲ್ಲ. ಇನ್ನೂ ಒಂದು ಮಾತು. 2014ರಲ್ಲಿ ಪ್ರಕಟವಾದ ಸಂಶೋಧನೆಯಂತೆ ಈ ಬಸವನಹುಳು ಬೇಟೆಗೆ ಒಂದು ವಿಷ, ಆತ್ಮರಕ್ಷಣೆಗೆ ಇನ್ನೊಂದು ವಿಷ ಬಳಸುತ್ತದೆ. ಉದ್ದನೆಯ ವಿಷನಾಳದ ಎರಡು ಬೇರೆ ಭಾಗಗಳಲ್ಲಿ ಎರಡೂ ತಯಾರಾಗುತ್ತವೆ. ಸ್ನಾಯು ಸೋಲಿಸುವ ಅಂಶ ಹೇರಳವಾಗಿರುವುದು ರಕ್ಷಣೆಯ ವಿಷದಲ್ಲಿ. ಕೈಯಲ್ಲಿ ಹಿಡಿದು ಹಿಂಸಿಸಿದವರಿಗೆ ಸಿಗುವುದು ಅದೇ.

ಪ್ರಶ್ನೆ: ದಡದಲ್ಲಿ ಬಿದ್ದ ಕೋನ್ ಚಿಪ್ಪು ಖಾಲಿ ಎಂದು ತಿಳಿಯುವುದು ಹೇಗೆ? ಮಕ್ಕಳು ಆರಿಸುತ್ತಾರೆ.

ಉತ್ತರ: ಬಣ್ಣ ಮಾಸಿ, ಸವೆದು, ತೂತುಬಿದ್ದು, ನೀರಿನಿಂದ ದೂರ ಒಣಗಿ ಬಿದ್ದದ್ದು ಖಾಲಿ ಚಿಪ್ಪು, ಅದರಲ್ಲಿ ವಿಷವಿಲ್ಲ. ಕಪಾಟಿನಲ್ಲಿರುವ ಹಳೆಯ ಚಿಪ್ಪಿಗೂ ಹೆದರಬೇಕಿಲ್ಲ. ನೀರಿನಲ್ಲಿ, ಹಸಿ ಮರಳಿನಲ್ಲಿ ಇದ್ದದ್ದನ್ನು ಮಾತ್ರ ಜೀವಂತ ಎಂದೇ ತಿಳಿಯಬೇಕು. ಜೀವಂತ ಕೋನ್ ಕಣ್ಣು ಕುಕ್ಕುವಂತೆ ಇರುವುದಿಲ್ಲ. ಚಿಪ್ಪಿನ ಮೇಲೆ ಕಂದು ಪೊರೆ ಮುಚ್ಚಿಕೊಂಡು ಬಣ್ಣ ಮಬ್ಬಾಗಿರುತ್ತದೆ, ಅದರ ಮೇಲೆ ಪಾಚಿಯೂ ಕಟ್ಟಿರಬಹುದು. ಮುಟ್ಟಿದಾಗ ಪ್ರಾಣಿ ಪೂರ್ತಿ ಒಳಗೆ ಸರಿದು ಖಾಲಿಯಂತೆ ತೋರುತ್ತದೆ. ಅಲುಗಾಡಿಸಿ ನೋಡುವುದು, ಬಾಯೊಳಗೆ ಬೆರಳು ಹಾಕುವುದು, ಕಿವಿಗೆ ಹಿಡಿಯುವುದು ಇವು ಪರೀಕ್ಷೆಯಲ್ಲ. ಮಕ್ಕಳಿಗೆ ಪ್ರಭೇದ ಗುರುತಿಸಲು ಕಲಿಸುವುದಕ್ಕಿಂತ ಒಂದು ಆಕಾರ ಕಲಿಸುವುದು ಸುಲಭ: ಒಂದು ಕಡೆ ದಪ್ಪ, ಇನ್ನೊಂದು ಕಡೆಗೆ ಸಪೂರಾಗುತ್ತಾ ಹೋಗುವ ಶಂಕುವಿನ ಚಿಪ್ಪು, ಉದ್ದಕ್ಕೂ ಸೀಳಿನಂಥ ಬಾಯಿ. ಆ ಆಕಾರ ಕಂಡರೆ ಮುಟ್ಟುವಂತಿಲ್ಲ. ಜಿಯೊಗ್ರಫಿ ಕೋನ್ ಸಾಮಾನ್ಯವಾಗಿ 10 ಸೆಂಟಿಮೀಟರ್ ಆಸುಪಾಸು ಇದ್ದು, ಬಿಳಿ ಅಥವಾ ನಸುಗೆಂಪು ನೆಲದ ಮೇಲೆ ಕಂದು ಬಲೆಯ ನಕಾಶೆ ಹೊತ್ತಿರುತ್ತದೆ. ಭುಜದ ಸುತ್ತ ಸಣ್ಣ ಗುಬುಟುಗಳ ಸಾಲು ಇರುತ್ತದೆ. ವಾಸ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಹವಳದ ದಿಬ್ಬಗಳಲ್ಲಿ.

ಪ್ರಶ್ನೆ: ಇದರ ವಿಷದಿಂದ ಮಾರ್ಫಿನ್‌ಗಿಂತ ಸಾವಿರ ಪಟ್ಟು ಶಕ್ತಿಯ ನೋವುನಿವಾರಕ ಬಂದಿದೆಯಂತೆ. ಹಾಗಿದ್ದರೆ ಎಲ್ಲರಿಗೂ ಏಕೆ ಕೊಡುವುದಿಲ್ಲ?

ಉತ್ತರ: ಬಂದಿರುವುದು ಜಿಯೊಗ್ರಫಿ ಕೋನ್‌ನಿಂದ ಅಲ್ಲ, ಕೋನಸ್ ಮೇಗಸ್‌ನಿಂದ. ಫಿಲಿಪೀನ್ಸ್ ಮೂಲದ ಬಾಲ್ಡೊಮೆರೊ ಒಲಿವೆರಾ ಅವರ ಯೂಟಾ ಪ್ರಯೋಗಾಲಯದಲ್ಲಿ ಪತ್ತೆಯಾದ 25 ಅಮೈನೋ ಆಮ್ಲಗಳ ಪೆಪ್ಟೈಡ್ ಅದು. ಈಗ ಕೃತಕವಾಗಿಯೇ ತಯಾರಾಗುತ್ತದೆ, ಬಸವನಹುಳುವನ್ನು ಹಿಂಡುವುದಿಲ್ಲ. ಔಷಧದ ಹೆಸರು ಜಿಕೊನೊಟೈಡ್. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2004ರ ಡಿಸೆಂಬರಿನಲ್ಲಿ. ನೋವಿನ ಸಂದೇಶ ಬೆನ್ನುಹುರಿಯಲ್ಲಿ ಒಂದು ನರದಿಂದ ಇನ್ನೊಂದಕ್ಕೆ ದಾಟಲು ಬೇಕಾದ ಕ್ಯಾಲ್ಸಿಯಂ ನಾಲೆಯನ್ನು ಅದು ಮುಚ್ಚುತ್ತದೆ. ಮಾರ್ಫಿನ್ ಕೆಲಸ ಮಾಡುವ ಗ್ರಾಹಕವೇ ಬೇರೆ, ಹಾಗಾಗಿ ಇದಕ್ಕೆ ಚಟ ಹತ್ತುವುದಿಲ್ಲ, ಹಠಾತ್ತನೆ ನಿಲ್ಲಿಸಿದರೂ ಹಿಂತೆಗೆತದ ಬಾಧೆ ಇಲ್ಲ.

ಸಾವಿರ ಪಟ್ಟು ಎಂಬ ಮಾತಿಗೆ ಅರ್ಥ, ಅಷ್ಟು ಕಡಿಮೆ ತೂಕ ಸಾಕು ಎಂದು. ಅಷ್ಟು ಹೆಚ್ಚು ನೋವು ಹೋಗುತ್ತದೆ ಎಂದಲ್ಲ. ಮಾತ್ರೆಯಾಗಿ ನುಂಗಿದರೆ ಪೆಪ್ಟೈಡ್ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ರಕ್ತಕ್ಕೆ ಕೊಟ್ಟರೆ ಬೆನ್ನುಹುರಿಗೆ ಸಾಕಷ್ಟು ತಲುಪುವುದಿಲ್ಲ, ಬದಲಿಗೆ ರಕ್ತದೊತ್ತಡ ಇಳಿಯುತ್ತದೆ. ಆದ್ದರಿಂದ ಪಂಪ್ ಅಳವಡಿಸಿ, ಕೊಳವೆಯ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಹನಿಸಬೇಕು. ಆರಂಭದ ಪ್ರಮಾಣ ದಿನಕ್ಕೆ 2.4 ಮೈಕ್ರೋಗ್ರಾಂ ಮೀರುವಂತಿಲ್ಲ, ಗರಿಷ್ಠ 19.2. ಬೇಗ ಏರಿಸಿದರೆ ತಲೆಸುತ್ತು, ಗೊಂದಲ, ಮರೆವು, ಇಲ್ಲದ್ದು ಕಾಣುವುದು ಶುರುವಾಗುತ್ತದೆ. ಪರಿಣಾಮಕಾರಿ ಪ್ರಮಾಣಕ್ಕೂ ತೊಂದರೆ ಕೊಡುವ ಪ್ರಮಾಣಕ್ಕೂ ಅಂತರ ಕಡಿಮೆ. ಹಿಂದೆ ತೀವ್ರ ಮಾನಸಿಕ ಕಾಯಿಲೆ ಇದ್ದವರಿಗೆ ಕೊಡುವುದೇ ಇಲ್ಲ. ಬೇರೆ ಯಾವುದೂ ನಾಟದ, ತಡೆಯಲಾಗದ ದೀರ್ಘಕಾಲದ ನೋವಿಗೆ ಮಾತ್ರ ಇದು.

ಪ್ರಶ್ನೆ: ಒಮ್ಮೆ ಈಟಿ ಬಿಟ್ಟ ಮೇಲೆ ಬಸವನಹುಳು ನಿರಾಯುಧವೇ? ಆಗ ಮುಟ್ಟಬಹುದೇ?

ಉತ್ತರ: ಮುಟ್ಟಬಾರದು. ಒಂದು ಈಟಿಯನ್ನು ಒಂದೇ ಸಲ ಬಳಸುವುದು ಹೌದು, ಆದರೆ ಒಳಗಿನ ಚೀಲದಲ್ಲಿ ಬೇರೆ ಬೇರೆ ಹಂತದಲ್ಲಿ ಬೆಳೆಯುತ್ತಿರುವ ಈಟಿಗಳ ಗೊಂಚಲೇ ಇರುತ್ತದೆ. ಬಲಿತದ್ದೊಂದು ಮುಂದೆ ಸರಿದು ಸೊಂಡಿಲಿನ ತುದಿಗೆ ಬಂದು ಕೂರುತ್ತದೆ. ಬೇರೆ ಬಸವನಹುಳುಗಳನ್ನು ತಿನ್ನುವ ಕೋನಸ್ ಟೆಕ್ಸ್‌ಟೈಲ್ ಒಂದೇ ಬೇಟೆಗೆ ಒಂದರ ಹಿಂದೆ ಒಂದರಂತೆ ಹಲವು ಈಟಿ ನಾಟಿಸುತ್ತದೆ.